ಬಣ್ಣದ ಬಿರುಕಿನಲ್ಲಿ ತವರಿನ ಬಾಗಿಲು

ನಮ್ಮ ಭಾಷೆಯಲ್ಲಿ ಬಿರುಕೆಂಬ ಪದಕ್ಕೆ ಶುಭಾರ್ಥವಿಲ್ಲ. ಗೋಡೆ ಬಿರುಕು ಬಿಟ್ಟರೆ ಮನೆಗೆ ಆತಂಕ, ಮನಸ್ಸು ಬಿರುಕು ಬಿಟ್ಟರೆ ಸಂಸಾರಕ್ಕೆ ಆತಂಕ. ಹೀಗಿರುವಾಗ, ಹೊಸದಾಗಿ ಬಳಿದ ಬಣ್ಣಕ್ಕೆ ಬೇಕೆಂದೇ ಬಿರುಕು ಬರಿಸುವ ಕಲೆಯೊಂದಿದೆಯೆಂದರೆ ಹಲವರಿಗೆ ಸೋಜಿಗವೆನಿಸಬಹುದು. ಸ್ಯಾನ್ ಹೊಸೆಯ ನಮ್ಮ ಮನೆಯಲ್ಲಿ ದಸರೆಗೆ ಗೊಂಬೆ ಕೂರಿಸುವಾಗಲೆಲ್ಲ ಈ ಕಲೆಯ ನೆರವು ಪಡೆಯುತ್ತ ಬಂದಿರುವ ನಾನು, ಅದರ ಮರ್ಮವನ್ನು ಸಮ್ಮೇಳನದ ಬಂಧುಗಳೊಡನೆ ಹಂಚಿಕೊಳ್ಳಬಯಸುತ್ತೇನೆ.

ಹಳೆಯ ಮೈಸೂರು ಸೀಮೆಯವರಿಗೆ ಗೊಂಬೆ ಹಬ್ಬವನ್ನು ಪರಿಚಯಿಸಬೇಕಾಗಿಲ್ಲ. ಮೇಲಿನ ಮೆಟ್ಟಿಲಲ್ಲಿ ರಾಜ ರಾಣಿಯರಾದ ಪಟ್ಟದ ಗೊಂಬೆಗಳು. ಕೆಳಗೆ, ನೆಲದ ಮೇಲೆ, ರಾಗಿಯ ಪೈರು ಬೆಳೆಸಿ ಹರಡಿದ ಪುಟ್ಟ ಊರು. ಆ ಊರಿನ ಮನೆಗಳನ್ನು ನಾನು ತೆಳುವಾದ ಬಾಲ್ಸಾ ಹಲಗೆಯಿಂದ ಮಾಡುತ್ತೇನೆ. ಆದರೆ ಹೊಸ ಬಣ್ಣದಿಂದ ಥಳಥಳಿಸುವ ಮನೆ ಆಟಿಕೆಯಂತೆ ಕಾಣುವುದೇ ಹೊರತು, ಮೂರು ತಲೆಮಾರು ಬಾಳಿದ ಮನೆಯಂತೆ ಕಾಣುವುದಿಲ್ಲ. ಮನೆಗೆ ವಯಸ್ಸು ತಂದುಕೊಡುವುದು ಬಿರುಕು.

ಬಣ್ಣ ಬಿರಿಯುವುದೇಕೆ? ಮರವು ಗಾಳಿಯ ತೇವವನ್ನು ಹೀರಿ ಹಿಗ್ಗುತ್ತದೆ, ಒಣಹವೆಯಲ್ಲಿ ಕುಗ್ಗುತ್ತದೆ. ಅದರ ಮೇಲಿನ ಬಣ್ಣವಾದರೋ ವರ್ಷಗಳು ಕಳೆದಂತೆ ಬಾಗುವ ಗುಣವನ್ನು ಕಳೆದುಕೊಂಡು, ಮರದ ಚಲನೆಯನ್ನು ತಾಳಲಾರದೆ ಸೀಳುತ್ತದೆ. ಲಿಯೊನಾರ್ಡೊ ಡ ವಿಂಚಿ ಪಾಪ್ಲರ್ ಮರದ ಹಲಗೆಯ ಮೇಲೆ ಚಿತ್ರಿಸಿದ ಮೊನಾಲಿಸಾಳ ಮುಖದಲ್ಲಿಯೂ ಇಂತಹ ಸೂಕ್ಷ್ಮ ಬಿರುಕುಗಳ ಬಲೆಯಿದೆ. ಕಾಲಪುರುಷನು ದಶಕಗಳಲ್ಲಿ ಮಾಡುವ ಈ ಕಾರ್ಯವನ್ನು ನಾವು ಅರ್ಧ ಗಂಟೆಯಲ್ಲಿ ಅನುಕರಿಸಬೇಕು.

ವಿಧಾನ ಸುಲಭ. ಬಿರುಕಿನೊಳಗಿಂದ ಯಾವ ಬಣ್ಣ ಇಣುಕಬೇಕೋ ಅದನ್ನು ಮೊದಲು ಬಳಿದು ಚೆನ್ನಾಗಿ ಒಣಗಿಸಬೇಕು. ಅದರ ಮೇಲೆ ಬಿಳಿಯ ಅಂಟನ್ನು ಸವರಬೇಕು. ಇಲ್ಲಿ ದೊರೆಯುವ ಎಲ್ಮರ್ಸ್, ನಮ್ಮೂರಿನ ಫೆವಿಕಾಲ್ ಎರಡೂ ಇದೇ ಜಾತಿಯವು. ಅಂಟು ಪೂರ್ಣ ಒಣಗುವ ಮೊದಲು, ಮುಟ್ಟಿದರೆ ಬೆರಳಿಗೆ ಜಿಗುಟೆನಿಸುವ ಹದದಲ್ಲಿ, ಅಕ್ರಿಲಿಕ್ ಬಣ್ಣವನ್ನು ಒಂದೇ ಎಳೆತದಲ್ಲಿ ಬಳಿಯಬೇಕು. ಬಳಿದಲ್ಲಿಗೆ ಮತ್ತೆ ಕುಂಚ ತಾಗಿಸಕೂಡದು. ಮೇಲಿನ ಬಣ್ಣ ಬೇಗನೆ ಒಣಗಿ ಕುಗ್ಗುತ್ತದೆ. ಕೆಳಗಿನ ಅಂಟು ಇನ್ನೂ ಹಸಿಯಾಗಿದ್ದು ಜಾರುತ್ತದೆ. ಬಣ್ಣದ ಪದರ ಹರಿದು ಬಿರುಕು ಮೂಡುತ್ತದೆ. ಹೇರ್ ಡ್ರೈಯರಿನ ಬಿಸಿಗಾಳಿ ಈ ಕೆಲಸವನ್ನು ಚುರುಕುಗೊಳಿಸುತ್ತದೆ. ಅಂಟು ದಪ್ಪವಾದಷ್ಟೂ ಬಿರುಕು ಅಗಲ. ನಮ್ಮ ಊರಿನ ಬೇಸಗೆಯ ಒಣಹವೆಯಲ್ಲಿ ಅಂಟಿನ ಹದ ಬಹು ಬೇಗ ಮೀರುವುದರಿಂದ, ಬೆಳಗಿನ ತಂಪಿನಲ್ಲಿ ಕೆಲಸಕ್ಕೆ ಕೂರುವುದು ಲೇಸು. ಕಡೆಗೆ ಹೊಳಪಿಲ್ಲದ ವಾರ್ನಿಷನ್ನು ಹಗುರವಾಗಿ ಸಿಂಪಡಿಸಬೇಕು. ನೀರು ಬೆರೆತ ವಾರ್ನಿಷನ್ನು ಕುಂಚದಿಂದ ಬಳಿದರೆ ಕೆಳಗಿನ ಅಂಟು ಮತ್ತೆ ಮೆತ್ತಗಾಗುವ ಸಂಭವವುಂಟು.

ಇಷ್ಟು ಕೈಚಳಕ. ಇನ್ನುಳಿದದ್ದು ವಿವೇಚನೆ. ಗೊಂಬೆಮನೆಗಳ ಸಾಮಾನ್ಯ ಅಳತೆ ಅಡಿಗೆ ಒಂದಂಗುಲ. ಆರಡಿಯ ಬಾಗಿಲು ಇಲ್ಲಿ ಆರಂಗುಲವಾಗುತ್ತದೆ. ಅದರಲ್ಲಿ ಅಂಗುಲದ ಎಂಟನೆಯ ಒಂದು ಭಾಗದಷ್ಟು ಬಿರುಕು ಬಿಟ್ಟರೆ, ನಿಜವಾದ ಬಾಗಿಲಲ್ಲಿ ಅದು ಒಂದೂವರೆ ಅಂಗುಲದ ಕಂದಕ! ಆದ್ದರಿಂದ ಅಂಟು ತೆಳುವಾಗಿರಲಿ. ಮರದ ಬಿರುಕು ನಾರಿನ ಜಾಡು ಹಿಡಿದು ಓಡುತ್ತದೆ. ಅಲ್ಲಿ ಕುಂಚವನ್ನು ಉದ್ದಕ್ಕೆ ಎಳೆಯಬೇಕು. ಮಣ್ಣಿನ ಗೋಡೆಯ ಬಿರುಕು ಬಲೆಯಂತೆ ಹರಡುತ್ತದೆ. ಅಲ್ಲಿ ಸ್ಪಂಜಿನಿಂದ ಒತ್ತಬೇಕು. ಮಳೆಹನಿ ಸಿಡಿಯುವ ಬಾಗಿಲಿನ ಬುಡದಲ್ಲಿ, ಬಿಸಿಲು ಬಡಿಯುವ ಮಗ್ಗುಲಲ್ಲಿ ಬಿರುಕು ಹೆಚ್ಚಿರಲಿ. ಸೂರಿನ ನೆರಳಿರುವಲ್ಲಿ ಕಡಿಮೆಯಿರಲಿ. ಚಿಲಕದ ಸುತ್ತ ಬಿರುಕೇ ಬೇಡ. ಅಲ್ಲಿ ಬಣ್ಣವು ಕೈಗಳ ಉಜ್ಜಾಟದಿಂದ ಸವೆದು ನುಣುಪಾಗಿರುತ್ತದೆ.

ಕಳೆದ ದಸರೆಗೆ ನಾನು ನಮ್ಮ ತವರಿನ ತಲೆಬಾಗಿಲನ್ನು ಮಾಡಲು ಹೊರಟೆ. ಆ ಮನೆ ಈಗಿಲ್ಲ. ಮಾರಾಟವಾಗಿ, ಅಲ್ಲೊಂದು ಬಹುಮಹಡಿ ಕಟ್ಟಡವೆದ್ದಿದೆ. ಮಾರಾಟದ ಕಾಲದ ಮನಸ್ತಾಪದಿಂದ ಅಕ್ಕನಿಗೂ ತಮ್ಮನಿಗೂ ಮಾತುಕತೆ ವಿರಳ. ಉಳಿದಿರುವ ಏಕೈಕ ಛಾಯಾಚಿತ್ರ ಕಪ್ಪು ಬಿಳುಪಿನದು. ಬಾಗಿಲಿನ ಬಣ್ಣ ಯಾವುದೆಂದು ಫೋನಿನಲ್ಲಿ ವಿಚಾರಿಸಿದರೆ, "ಹಸಿರು ಕಣೇ, ಮರೆತುಬಿಟ್ಟೆಯಾ?" ಎಂದಳು ಅಕ್ಕ. "ನೀಲಿ, ಅನುಮಾನವೇ ಬೇಡ ಅಕ್ಕಾ" ಎಂದ ತಮ್ಮ. ನಡುವಿನವಳಾದ ನನಗೆ ಎರಡೂ ನೆನಪಿತ್ತು. ಅಕ್ಕನ ಮದುವೆಯ ಮರುವರ್ಷ ಅಪ್ಪ ಹಸಿರಿನ ಮೇಲೆ ನೀಲಿ ಬಳಿಸಿದ್ದರು. ಆಗ ತಮ್ಮನಿಗೆ ಮೂರು ವರ್ಷ. ಕೆಳಪದರಕ್ಕೆ ಹಸಿರನ್ನೂ ಮೇಲ್ಪದರಕ್ಕೆ ನೀಲಿಯನ್ನೂ ಬಳಿದು, ನಡುವೆ ಅಂಟು ಸವರಿದೆ. ನೀಲಿ ಬಿರಿದು ಹಸಿರು ಇಣುಕಿತು. ಚಿತ್ರವನ್ನು ಇಬ್ಬರಿಗೂ ಕಳುಹಿಸಿದೆ. ಇಬ್ಬರೂ ತಾವೇ ಗೆದ್ದೆವೆಂದುಕೊಂಡರು! ಆ ಸಂಜೆ ಅಕ್ಕ ತಮ್ಮನಿಗೆ ಫೋನು ಮಾಡಿದಳು. ಪಾಲಿನ ಲೆಕ್ಕವಲ್ಲದ ಮಾತನ್ನು ಅವರು ಆಡಿದ್ದು ಬಹಳ ದಿನಗಳ ಮೇಲೆ.

ಒಂದೆರಡು ಎಚ್ಚರಿಕೆಯ ಮಾತು. ಈ ವಿದ್ಯೆಯನ್ನು ನಿಜವಾದ ಹಳೆಯ ವಸ್ತುಗಳ ಮೇಲೆ ಪ್ರಯೋಗಿಸಬಾರದು. ತಾಯಿ ಮದುವೆಯಲ್ಲಿ ಕೊಟ್ಟ ಪಟ್ಟದ ಗೊಂಬೆಗಳ ಬಣ್ಣ ಬಿರಿದಿದ್ದರೆ ಅವುಗಳಿಗೆ ಹೊಸ ಬಣ್ಣವನ್ನೂ ಬಳಿಯಬೇಡಿ. ಮೃದುವಾದ ಒಣ ಕುಂಚದಿಂದ ಧೂಳು ತೆಗೆದು, ಬಿಸಿಲಿಗೂ ಹೀಟರಿನ ಗಾಳಿಗೂ ದೂರವಿರಿಸಿದರೆ ಸಾಕು. ಹಳೆಯ ಬಣ್ಣವನ್ನು ಉಜ್ಜಿ ತೆಗೆಯುವುದೂ ಅಪಾಯಕರ. ಮನೆಬಳಕೆಯ ಬಣ್ಣದಲ್ಲಿ ಸೀಸವನ್ನು ಅಮೆರಿಕದಲ್ಲಿ ನಿಷೇಧಿಸಿದ್ದೇ 1978ರಲ್ಲಿ. ಅದಕ್ಕೂ ಹಿಂದಿನ ಬಣ್ಣದ ಪುಡಿ ಮಕ್ಕಳ ಬಾಯಿಗೆ ಹೋಗದಂತೆ ನೋಡಿಕೊಳ್ಳಬೇಕು.

ಬರುವ ದಸರೆಗೆ ತಾವೂ ಒಂದು ಬಾಗಿಲನ್ನು ಮಾಡಿನೋಡಿ. ಆದರೆ ಕುಂಚ ಹಿಡಿಯುವ ಮೊದಲು ಊರಿನಲ್ಲಿರುವ ಹಿರಿಯರಿಗೊಮ್ಮೆ ಫೋನು ಮಾಡಿ, ಬಾಗಿಲಿಗೆ ಯಾವ ಬಣ್ಣವಿತ್ತೆಂದು ಕೇಳಿ. ಅದಕ್ಕೂ ಹಿಂದೆ ಯಾವ ಬಣ್ಣವಿತ್ತೆಂದೂ ಮರೆಯದೆ ಕೇಳಿ.