ಹಂಚಿದರೆ ಉಳಿಯುವ ಹಿತ್ತಿಲು

ಜೋಯಿಡಾ ಕಡೆಯ ಇಬ್ಬರು ಹೆಂಗಸರು ಸಂತೆಯಲ್ಲೋ ಮದುವೆಮನೆಯಲ್ಲೋ ಸಿಕ್ಕರೆ, ಮಳೆಯ ಸುದ್ದಿ ಮುಗಿದ ಕೂಡಲೇ ಬರುವ ಪ್ರಶ್ನೆ ಒಂದೇ: “ನಿಮ್ಮನೆಗೆ ಮಂಗ ಬಂದಿತ್ತಾ?” ಅದರ ಗೋಳು ಹೇಳಿಕೊಂಡಾದ ಮೇಲೆ ಎರಡನೇ ಪ್ರಶ್ನೆ: “ಈ ಸಲ ಯಾವ ಬೀಜ ಇದ್ದು?”

ಹಿತ್ತಿಲ ತರಕಾರಿಗೆ ಪಹಣಿಯಲ್ಲಿ ಜಾಗವಿಲ್ಲ. ಅಡಕೆ, ಭತ್ತದ ಜಮಾಖರ್ಚಿನ ಪುಸ್ತಕದಲ್ಲೂ ಅದರ ಹೆಸರಿಲ್ಲ. ಆದರೆ ಪೇಟೆಯಿಂದ ದೂರವಿರುವ ನಮ್ಮಂಥ ಊರುಗಳಲ್ಲಿ ಜುಲೈ, ಆಗಸ್ಟಿನಲ್ಲಿ ಇವತ್ತು ಏನು ಸಾರು, ಏನು ಪಲ್ಯ ಎಂದು ತೀರ್ಮಾನಿಸುವುದು ಮನೆ ಹಿಂದಿನ ನಾಲ್ಕೈದು ಗುಂಟೆ ಜಾಗವೇ. ಆ ಜಾಗಕ್ಕೆ ಈಗ ಕಷ್ಟ ಬಂದಿದೆ. ಮಂಗನ ಕಾಟಕ್ಕೆ ಬೇಸತ್ತು, “ಇನ್ನು ಬೆಂಡೆ ಹಾಕೋದೇ ಬೇಡ” ಎಂದು ಕೈಬಿಟ್ಟ ಮನೆಗಳನ್ನು ಬಹಳ ನೋಡಿದ್ದೇನೆ. ಆ ವರ್ಷ ತರಕಾರಿ ಹೋದರೆ ಹೋಯಿತು, ಕೊಂಡು ತಿನ್ನಬಹುದು. ಬೀಜ ಹೋದರೆ? ನಮ್ಮ ಮಳೆಗಾಲದ ಥಂಡಿಯಲ್ಲಿ ಬೆಂಡೆ ಬೀಜ ಎರಡನೇ ವರ್ಷಕ್ಕೆ ಸರಿಯಾಗಿ ಮೊಳೆಯುವುದಿಲ್ಲ. ಅಜ್ಜಿಯ ಕಾಲದಿಂದ ಬಂದ ತಳಿ ಎರಡು ಮಳೆಗಾಲದಲ್ಲಿ ಇಲ್ಲವಾಗುತ್ತದೆ.

ನೆಂಟಸ್ತಿಕೆ, ಜಾತ್ರೆ, ಸಂಘದ ಸಭೆ ಎಂದು ತಿರುಗಾಡುವಾಗ ಜೋಯಿಡಾ, ದಾಂಡೇಲಿ, ಹಳಿಯಾಳ, ಮುಂಡಗೋಡ ನಾಲ್ಕೂ ಕಡೆಯ ಹಿತ್ತಿಲುಗಳಿಗೆ ಇಣುಕಿದ್ದೇನೆ. ಕಾಡಂಚಿನ ಈ ಸೀಮೆಯಲ್ಲಿ ಒಂದೇ ಮನೆಯವರು ಒಂದು ತಳಿಯನ್ನು ಉಳಿಸಿಕೊಳ್ಳುವುದು ಕಷ್ಟ. ಅದು ನಾಲ್ಕು ಮನೆಯಲ್ಲಿದ್ದರೆ ಉಳಿದೀತು ಎಂಬುದು ನನಗೆ ಮನವರಿಕೆಯಾಗಿದೆ.

ಒಂದೊಂದು ಕಡೆ ಒಂದೊಂದು ಥರ

ನಾಲ್ಕೂ ಹತ್ತಿರ ಹತ್ತಿರದ ತಾಲೂಕುಗಳಾದರೂ ಹಿತ್ತಿಲು ಒಂದೇ ಥರ ಇಲ್ಲ. ಜೋಯಿಡಾದಲ್ಲಿ ಮಳೆ ವಿಪರೀತ. ಏರು ಮಡಿ ಮಾಡಿ, ಸುತ್ತ ಕಾಲುವೆ ತೆಗೆಯದಿದ್ದರೆ ಬದನೆ, ಮೆಣಸಿನ ಗಿಡ ನಿಂತಲ್ಲೇ ಕೊಳೆಯುತ್ತವೆ. ಇಲ್ಲಿ ಹೀರೆ, ಮೊಗೆಕಾಯಿ, ಹಾಗಲ, ಕೆಸು, ಬಸಳೆ ಹೆಚ್ಚು. ಹಳಿಯಾಳದ ಪೂರ್ವಕ್ಕೆ ಹೋದಂತೆ ಬಯಲುಸೀಮೆಯ ಗಾಳಿ. ಅಲ್ಲಿನ ಹಿತ್ತಿಲಲ್ಲಿ ಅವರೆ, ಬದನೆ, ಪುಂಡಿಪಲ್ಯ ಚೆನ್ನಾಗಿ ಬರುತ್ತವೆ. ಮುಂಡಗೋಡ ಅರೆಮಲೆನಾಡು. 1966ರಲ್ಲಿ ಅಲ್ಲಿ ನೆಲೆ ಕಂಡ ಟಿಬೆಟಿಯನ್ನರ ಕ್ಯಾಂಪುಗಳಲ್ಲಿ ಮನೆ ಮುಂದೆ ಮೂಲಂಗಿ, ಸೊಪ್ಪಿನ ಸಾಸಿವೆ ನೋಡಬಹುದು. ತಂಪು ದೇಶದಿಂದ ಬಂದವರು ಚಳಿಗಾಲದ ನಾಲ್ಕು ತಿಂಗಳನ್ನು ಒಂದು ದಿನವೂ ಬಿಡದೆ ಬಳಸುವ ರೀತಿ ಕಲಿಯುವಂಥದ್ದು. ದಾಂಡೇಲಿಯದು ಇನ್ನೊಂದು ಥರ. 1955ರಲ್ಲಿ ಸ್ಥಾಪನೆಯಾದ ಕಾಗದ ಕಾರ್ಖಾನೆಯ ಕೆಲಸಕ್ಕೆಂದು ಹಲವು ರಾಜ್ಯಗಳಿಂದ ಜನ ಬಂದರು. ಅವರ ಜೊತೆ ಅವರವರ ಊರಿನ ನುಗ್ಗೆ, ಕರಿಬೇವು, ಮರಗೆಣಸೂ ಬಂದವು.

ನಮ್ಮ ಜೋಯಿಡಾಕ್ಕೆ ಮೊದಲು ಸೂಪಾ ತಾಲೂಕು ಎಂದೇ ಹೆಸರಿತ್ತು. ಕಾಳಿ ನದಿಗೆ ಗಣೇಶಗುಡಿಯಲ್ಲಿ ಕಟ್ಟಿದ ಅಣೆಕಟ್ಟು 1987ರಲ್ಲಿ ಪೂರ್ತಿಯಾಯಿತು. ಸೂಪಾ ಊರು, ಸುತ್ತಲ ಹಳ್ಳಿಗಳು ಮುಳುಗಿದವು. ಅನೇಕರು ರಾಮನಗರಕ್ಕೆ ಬಂದು ನೆಲೆಸಿದರು. ಹಾಗೆ ಬಂದ ಒಬ್ಬ ಹಿರಿಯರ ಹಿತ್ತಿಲಲ್ಲಿ ಕುಳಿತು ಮಾತಾಡಿದ್ದು ನೆನಪಿದೆ. ಮಾವು, ಹಲಸಿನ ಮರ ಹೊತ್ತು ತರಲು ಬರುತ್ತದೆಯೇ? ಅವರ ಮನೆಯವರು ತಂದದ್ದು ಒಂದು ಚೀಲ ಗೆಡ್ಡೆ, ಒಂದು ಸೋರೆಬುರುಡೆ ತುಂಬ ಬೀಜ. ಹಳೆಯ ಹಿತ್ತಿಲಿನದೆಂದು ಈಗ ಉಳಿದಿರುವುದು ಅಷ್ಟೇ.

ಮಂಗ ಮುಟ್ಟದ್ದು, ಹಂದಿ ಬಿಡದ್ದು

ಮಂಗಕ್ಕೆ ಏನು ಮಾಡಬೇಕು ಎಂದು ಎಲ್ಲರೂ ಕೇಳುತ್ತಾರೆ. ಗರ್ನಾಲು, ಕವಣೆ, ಹುಲಿ ಬೊಂಬೆ, ಹಳೆ ಸೀರೆ ಎಲ್ಲ ನೋಡಿಯಾಯಿತು. ಎಂಟು ದಿನಕ್ಕೆ ಮಂಗಕ್ಕೆ ಗುಟ್ಟು ತಿಳಿಯುತ್ತದೆ. ನಾಯಿ ಇದ್ದು, ಮನೆಯಲ್ಲಿ ಹಗಲು ಒಬ್ಬರು ಇದ್ದರೆ ಒಂದಿಷ್ಟು ಉಳಿಯುತ್ತದೆ. ನಮ್ಮ ಅನುಭವದಲ್ಲಿ ಮಂಗ ಹೆಚ್ಚು ತಂಟೆಗೆ ಹೋಗದ್ದು ಅರಿಸಿನ, ಶುಂಠಿ, ಕೆಸು, ಸುವರ್ಣಗೆಡ್ಡೆ. ಹಾಗಲವನ್ನು ಕಿತ್ತು ಎಸೆದದ್ದುಂಟು, ತಿಂದದ್ದು ಕಡಿಮೆ. ಬೆಂಡೆ, ಅಲಸಂದೆ, ಸೌತೆ, ಪಪ್ಪಾಯಿ ಮಾತ್ರ ಕಣ್ಣೆದುರಿಗೇ ಹೋಗುತ್ತವೆ.

ಇದಕ್ಕೆ ಜೋಯಿಡಾದ ಕುಣಬಿ ಸಮುದಾಯದವರಲ್ಲಿ ಹಳೆಯ ಉಪಾಯವಿದೆ. ಅವರ ಹಿತ್ತಿಲಿನ ಮುಖ್ಯ ಬೆಳೆ ನೆಲದೊಳಗೆ. ಕೆಸುವಿನ ಜಾತಿಯ ಮುಡ್ಲಿ, ಬಳ್ಳಿಗೆಣಸಿನ ಕೋನ, ಮುಳ್ಳಿರುವ ಕಾಟೆ ಕಣಗ ಹೀಗೆ ಹಲವು ಬಗೆ. ಮುಂಗಾರಿಗೆ ಮೊದಲು ನೆಟ್ಟದ್ದು ಎಲೆ ಒಣಗಿದ ಮೇಲೆ, ಡಿಸೆಂಬರ್-ಜನವರಿಗೆ ಅಗೆಯಲು ಬರುತ್ತದೆ. ಅಗತ್ಯವಿದ್ದಷ್ಟೇ ಅಗೆದು, ಉಳಿದದ್ದು ಮಣ್ಣಲ್ಲೇ ಇಡಬಹುದು. ಜೋಯಿಡಾದಲ್ಲಿ ಕುಣಬಿ ಸಮಾಜದವರು ಚಳಿಗಾಲದಲ್ಲಿ ನಡೆಸುತ್ತ ಬಂದಿರುವ ಗೆಡ್ಡೆ-ಗೆಣಸಿನ ಮೇಳಕ್ಕೆ ಹೋದರೆ ಇವನ್ನೆಲ್ಲ ಒಂದೇ ಕಡೆ ನೋಡಬಹುದು, ಬೀಜದ ಗೆಡ್ಡೆಯನ್ನೂ ಕೇಳಿ ತರಬಹುದು.

ಹಾಗೆಂದು ಗೆಡ್ಡೆ ನೆಟ್ಟವರಿಗೆ ಚಿಂತೆಯೇ ಇಲ್ಲ ಎಂದಲ್ಲ. ರಾತ್ರಿ ಕಾಡುಹಂದಿ, ಮುಳ್ಳುಹಂದಿ ಬಂದರೆ ಮಡಿಯೇ ಬುಡಮೇಲು. ಮೇಳದಲ್ಲಿ ಸಿಕ್ಕಿದ ಒಬ್ಬ ಕುಣಬಿ ಅಜ್ಜಿಗೆ ಈ ಮಾತು ಹೇಳಿದೆ. ಅವರು ನಕ್ಕರು. “ಮಂಗ ಮೇಲಿಂದು ತಿಂತದೆ, ಹಂದಿ ಕೆಳಗಿಂದು ತಿಂತದೆ. ಎರಡೂ ಹಾಕಬೇಕು ಬಾಯಿ. ಒಂದೇ ವರ್ಷ ಎರಡೂ ಪೂರಾ ಹೋಗೋದಿಲ್ಲ.” ಅವರ ಮನೆಯಲ್ಲಿ ಬೀಜದ ಗೆಡ್ಡೆಯನ್ನು ದಣಪೆಯ ಹತ್ತಿರ ನೆಡುವುದಿಲ್ಲವಂತೆ, ಬಚ್ಚಲು ಕೊಟ್ಟಿಗೆಯ ಪಕ್ಕ, ಜನರ ಓಡಾಟ ಇರುವಲ್ಲಿ ನೆಡುತ್ತಾರಂತೆ.

ಸುವರ್ಣಗೆಡ್ಡೆ ಹಾಕುವವರಿಗೆ ಒಂದು ಮಾತು. ಎರಡಡಿ ಗುಂಡಿಗೆ ಒಣ ತರಗೆಲೆ, ಸಗಣಿ ಗೊಬ್ಬರ ತುಂಬಿ, ಅರ್ಧದಿಂದ ಒಂದು ಕೆ.ಜಿ. ತೂಕದ ತುಂಡನ್ನು ಮೊಳಕೆ ಮೇಲೆ ಬರುವಂತೆ ಇಟ್ಟರೆ ಎಂಟೊಂಬತ್ತು ತಿಂಗಳಿಗೆ ಕೀಳಬಹುದು. ಬಾಯಿ ತುರಿಸುವುದಕ್ಕೆ ಹುಣಸೆ ಅಥವಾ ಮುರುಗಲು ಹಾಕಿ ಬೇಯಿಸಿದರೆ ಸಾಕು.

ಬೆಂಡೆ ಮರಳಿ ಬಂದದ್ದು

ನಮ್ಮ ಮನೆಯಲ್ಲಿ ಹಾಲುಬೆಂಡೆ ಇದೆ. ಬಿಳಿ ಬಣ್ಣ, ಗೇಣುದ್ದ, ಬಲಿತರೂ ನಾರು ಕಡಿಮೆ. ಅತ್ತೆಯವರ ಕಾಲದ್ದು. 2019ರ ಆಗಸ್ಟ್ ಮಳೆಯಲ್ಲಿ ಕಾಳಿ ತುಂಬಿ ಹರಿದದ್ದು ಎಲ್ಲರಿಗೂ ನೆನಪಿರುತ್ತದೆ. ಆ ಮಳೆಗೆ ಮೂವತ್ತು ಬೆಂಡೆ ಗಿಡದಲ್ಲಿ ಇಪ್ಪತ್ತೈದು ಬೇರು ಕೊಳೆತು ಸತ್ತವು. ಉಳಿದ ಐದರಲ್ಲಿ ಬೀಜಕ್ಕೆಂದು ಬಿಟ್ಟ ಕಾಯಿಗಳನ್ನು ಒಂದೇ ಮಧ್ಯಾಹ್ನ ಮಂಗಗಳು ಮುಗಿಸಿದವು. ಆ ವರ್ಷ ಮನೆಯಲ್ಲಿ ಒಂದು ಕಾಳು ಬೀಜವೂ ಇರಲಿಲ್ಲ.

ಮಾಘ ಮಾಸದಲ್ಲಿ ಉಳವಿ ಚನ್ನಬಸವೇಶ್ವರ ಜಾತ್ರೆಗೆ ಧಾರವಾಡ, ಹಳಿಯಾಳ ಕಡೆಯಿಂದ ಚಕ್ಕಡಿ ಕಟ್ಟಿಕೊಂಡು ಜನ ಬರುತ್ತಾರೆ. ಬರುವ ದಾರಿಯಲ್ಲಿ ನೀರು, ಮಜ್ಜಿಗೆಗೆ ನಿಲ್ಲುವುದುಂಟು. 2018ರಲ್ಲಿ ಹೀಗೆ ನಿಂತ ಹಳಿಯಾಳ ಕಡೆಯ ಒಬ್ಬಾಕೆ ಅಂಗಳದಲ್ಲಿ ಒಣಗಿಸಿದ್ದ ಬೆಂಡೆ ಬೀಜ ಕೇಳಿ ಸೆರಗಿಗೆ ಗಂಟು ಹಾಕಿಕೊಂಡು ಹೋಗಿದ್ದರು. ಮರುವರ್ಷ ಅವರೇ ಅವರೆ ಬೀಜ ತಂದು ಕೊಟ್ಟು, “ಅಕ್ಕಾರ, ನೀವು ಕೊಟ್ಟ ಬೆಂಡಿ ನಮ್ಮ ಹಿತ್ತಲದಾಗ ಆಳೆತ್ತರ ಬೆಳದೈತ್ರಿ” ಎಂದಿದ್ದರು. 2020ರ ಜಾತ್ರೆಗೆ ಬಂದಾಗ ಅವರ ಹತ್ತಿರ ಎರಡು ಮುಷ್ಟಿ ಬೀಜ ಸಿಕ್ಕಿತು. ಅವರ ಹೊಲದ ಕಡೆ ಆ ವರ್ಷ ಮಳೆ ಹೆಚ್ಚಾದರೂ ಹಿತ್ತಿಲು ಎತ್ತರದಲ್ಲಿದ್ದುದರಿಂದ ಗಿಡ ಉಳಿದಿತ್ತು. ಮುಂದೆ ಒಂದೇ ತಿಂಗಳಿಗೆ ಕೊರೊನಾ ಬಂದು ಸಂತೆ ಮುಚ್ಚಿತು. ಆ ಮಳೆಗಾಲ ನಮ್ಮ ಮನೆಯಲ್ಲಿ ಬೆಂಡೆ ಇತ್ತು. ಸುತ್ತಲ ಆರು ಮನೆಗೂ ಬೀಜ ಹೋಯಿತು.

ಇದು ಬರಿಯ ಅದೃಷ್ಟ ಎನ್ನಬಹುದು. ಆದರೆ ಜೋಯಿಡಾದಲ್ಲಿ ಕೊಳೆಯುವ ಮಳೆ ಹಳಿಯಾಳದಲ್ಲಿ ಅಷ್ಟು ಸುರಿಯುವುದಿಲ್ಲ. ಹಳಿಯಾಳ, ಮುಂಡಗೋಡದ ಭತ್ತ, ಬಾಳೆಗೆ ಆನೆ ಬರುವ ಹೊತ್ತಿಗೆ ನಮ್ಮಲ್ಲಿ ಬಳ್ಳಿ ತರಕಾರಿ ಮುಗಿದಿರುತ್ತದೆ. ಕಷ್ಟ ಎಲ್ಲ ಕಡೆ ಇದೆ, ಆದರೆ ಒಂದೇ ದಿನ ಎಲ್ಲ ಕಡೆ ಬರುವುದಿಲ್ಲ. ಹಾಗಾಗಿ ಬೀಜ ಕೊಡುವಾಗ ಪಕ್ಕದ ಮನೆಗೊಂದು ಪಾಲು, ದೂರದ ತಾಲೂಕಿಗೊಂದು ಪಾಲು ಎಂದು ಕೊಡುವುದು ಲೇಸು.

ಕೊಡುವ ಬೀಜ ಬೆರಕೆಯಾಗದಿರಲಿ

ಬೀಜ ಹಂಚುವವರ ಮೇಲೆ ದೂರೂ ಇದೆ. “ಗುಂಡು ಸೋರೆ ಅಂತ ಕೊಟ್ಟರು, ಉದ್ದ ಕಾಯಿ ಬಂತು” ಎಂದು. ಅದಕ್ಕೆ ಕಾರಣ ಜೇನ್ನೊಣ. ಸೋರೆಗೂ ಹೀರೆಗೂ ಬೆರಕೆ ಆಗುವುದಿಲ್ಲ. ಆದರೆ ಗುಂಡು ಸೋರೆ, ಉದ್ದ ಸೋರೆ ಅಕ್ಕಪಕ್ಕ ಇದ್ದರೆ ಆಗಿಯೇ ಆಗುತ್ತದೆ. ಸಿಹಿಗುಂಬಳದ ಎರಡು ಬಗೆಗೂ ಹಾಗೆಯೇ.

ಉಪಾಯ ಸುಲಭ. ಸಿಹಿಗುಂಬಳದ ಹೂವು ಬೆಳಗಿನ ಜಾವ ಅರಳುತ್ತದೆ. ನಾಳೆ ಅರಳುವ ಒಂದು ಗಂಡು, ಒಂದು ಹೆಣ್ಣು ಮೊಗ್ಗಿನ ತುದಿಯನ್ನು ಇಂದು ಸಂಜೆಯೇ ದಾರದಿಂದ ಕಟ್ಟಿ. ಹೆಣ್ಣು ಮೊಗ್ಗಿನ ಬುಡದಲ್ಲಿ ಪುಟ್ಟ ಕಾಯಿ ಇರುತ್ತದೆ. ಬೆಳಗಾದ ಕೂಡಲೇ ಗಂಡು ಹೂವು ಕಿತ್ತು, ಎಸಳು ತೆಗೆದು, ಅದರ ಪರಾಗವನ್ನು ಹೆಣ್ಣು ಹೂವಿಗೆ ಸವರಿ ಮತ್ತೆ ಕಟ್ಟಿ. ಆ ಕಾಯಿಗೆ ಗುರುತಿನ ದಾರ ಹಾಕಿ. ಸೋರೆ, ಹೀರೆ ಸಂಜೆ ಅರಳುವುದರಿಂದ ಮಧ್ಯಾಹ್ನ ಕಟ್ಟಿ ಸಂಜೆ ಸವರಬೇಕು. ಅವರೆ, ಅಲಸಂದೆಗೆ ಇಷ್ಟೆಲ್ಲ ಬೇಡ, ಅವುಗಳಲ್ಲಿ ಬೆರಕೆ ಕಡಿಮೆ. ಬೆಂಡೆಯಲ್ಲಿ ಸ್ವಲ್ಪ ಆಗುತ್ತದೆ. ಎರಡು ಬಗೆ ಇದ್ದರೆ ಹಿತ್ತಿಲಿನ ಎರಡು ತುದಿಗೆ ಹಾಕಿ, ಇಲ್ಲವೇ ಒಂದನ್ನು ನೆರೆಮನೆಗೆ ವಹಿಸಿ.

ಬೀಜಕ್ಕೆ ಕೊನೆಯಲ್ಲಿ ಉಳಿದ ಸೊಟ್ಟ ಕಾಯಿ ಬಿಡುವ ರೂಢಿ ಹಲವರಲ್ಲಿದೆ. ಅದು ಬೇಡ. ಒಳ್ಳೆಯ ಗಿಡದ ಎರಡನೇ, ಮೂರನೇ ಕಾಯಿಯನ್ನೇ ಬಿಡಿ. ಒಂದೇ ಗಿಡದ್ದಲ್ಲ, ನಾಲ್ಕೈದು ಗಿಡದ ಬೀಜ ಕೂಡಿಸಿ. ಒಣಗಿದ ಮೇಲೆ ಬೂದಿ ಬೆರೆಸಿ ಸೋರೆಬುರುಡೆಗೋ ಬಿಗಿ ಮುಚ್ಚಳದ ಬಾಟಲಿಗೋ ತುಂಬಿ. ಬೆಂಡೆ, ಹೀರೆಯನ್ನು ಕಾಯಿ ಸಮೇತ ಒಲೆಯ ಮೇಲಿನ ಹೊಗೆಗೆ ಕಟ್ಟುವುದು ನಮ್ಮ ಹಳೆಯ ಕ್ರಮ. ಗ್ಯಾಸ್ ಒಲೆ ಬಂದ ಮನೆಯಲ್ಲಿ ಬಚ್ಚಲೊಲೆಯ ಹೊಗೆಯಾದರೂ ಇದ್ದೀತು.

ಕೊಟ್ಟದ್ದು ಬರೆದಿಡಿ

ಕೇಳಿದರೂ ಕೊಡದವರು ಇದ್ದಾರೆ. ತೆಗೆದುಕೊಂಡು ಹೋಗಿ ಮೂಲೆಯಲ್ಲಿ ಇಟ್ಟು ಹುಳ ಹಿಡಿಸುವವರೂ ಇದ್ದಾರೆ. ಇದು ಬೇಸರದ ಸಂಗತಿಯೇ. ಅದಕ್ಕೆ ಹತ್ತು ಜನಕ್ಕೆ ಕೊಟ್ಟರೆ ಮೂವರು ಬೆಳೆಸಿಯಾರು ಎಂದೇ ಲೆಕ್ಕ ಹಿಡಿಯಬೇಕು.

ಪಕ್ಕದ ಶಿರಸಿಯಲ್ಲಿ ಸುನೀತಾ ರಾವ್ ಅವರು 2001ರಲ್ಲಿ ಆರಂಭಿಸಿದ ವನಸ್ತ್ರೀ ಬಳಗ ಹಿತ್ತಿಲು ಮಾಡುವ ಹೆಂಗಸರನ್ನು ಒಟ್ಟುಗೂಡಿಸಿ, ಬೀಜ ವಿನಿಮಯವನ್ನೇ ಮುಖ್ಯ ಕೆಲಸ ಮಾಡಿಕೊಂಡಿತು. ಮಳೆಗಾಲಕ್ಕೆ ಮುಂಚೆ ಅವರು ನಡೆಸುತ್ತ ಬಂದ ಮಲೆನಾಡು ಮೇಳದಲ್ಲಿ ಹತ್ತಾರು ಊರಿನ ಬೀಜ, ಗಿಡ ಕೈ ಬದಲಾಗುತ್ತವೆ. ಅಷ್ಟು ದೊಡ್ಡದು ನಮ್ಮಿಂದ ಆಗದಿದ್ದರೂ ಸ್ವಸಹಾಯ ಸಂಘದ ಮೇ ತಿಂಗಳ ಸಭೆಗೆ ಪ್ರತಿಯೊಬ್ಬರೂ ಒಂದು ಪೊಟ್ಟಣ ಬೀಜ ತರಬಹುದಲ್ಲ. ನಮ್ಮ ಸಂಘದಲ್ಲಿ ಉಳಿತಾಯದ ಪುಸ್ತಕದ ಹಿಂದಿನ ಹಾಳೆಯಲ್ಲೇ ಬರೆಯುತ್ತೇವೆ: ಯಾವ ಬೀಜ, ಯಾರು ಕೊಟ್ಟರು, ಯಾರಿಗೆ ಹೋಯಿತು. ನಮ್ಮಲ್ಲಿ ಕಳೆದರೆ ಯಾರ ಮನೆಗೆ ಹೋಗಿ ಕೇಳಬೇಕು ಎಂದು ಆ ಹಾಳೆ ನೋಡಿದರೆ ಗೊತ್ತಾಗುತ್ತದೆ.

ಬೀಜ ಹಂಚಿದರೆ ಕಾನೂನಿನ ತೊಡಕು ಇದೆಯೇ ಎಂದು ಕೆಲವರು ಕೇಳುತ್ತಾರೆ. ಸಸ್ಯ ತಳಿ ರಕ್ಷಣೆ ಮತ್ತು ರೈತರ ಹಕ್ಕುಗಳ 2001ರ ಕಾಯ್ದೆ ರೈತರಿಗೆ ಬೀಜ ಉಳಿಸಿ, ಬಿತ್ತಿ, ವಿನಿಮಯ ಮಾಡಿ, ಮಾರುವ ಹಕ್ಕನ್ನೂ ಕೊಟ್ಟಿದೆ. ರಕ್ಷಿತ ತಳಿಯ ಬೀಜವನ್ನು ಬ್ರ್ಯಾಂಡ್ ಹೆಸರು ಹಾಕಿ ಮಾರುವಂತಿಲ್ಲ, ಅಷ್ಟೇ.

ನಿಮ್ಮ ಹಿತ್ತಿಲಲ್ಲಿ ಮಾತ್ರ ಉಳಿದಿರುವ ಒಂದು ತಳಿ ಯಾವುದು? ಈ ಮಳೆಗಾಲಕ್ಕೆ ಅದನ್ನು ಕನಿಷ್ಠ ಮೂರು ಮನೆಗೆ ಕೊಡಿ. ಅದರಲ್ಲಿ ಒಂದು ಬೇರೆ ತಾಲೂಕಿನದಾಗಿರಲಿ. ಮಂಗ ಮುಟ್ಟದ ತರಕಾರಿ ಇನ್ನೇನಾದರೂ ನಿಮಗೆ ಗೊತ್ತಿದ್ದರೆ ದಯವಿಟ್ಟು ಪತ್ರಿಕೆಗೆ ಬರೆಯಿರಿ. ಕಾಯುತ್ತಿರುವವರು ನಾವು ಬಹಳ ಜನ ಇದ್ದೇವೆ.