ಮೂಳೆಗೆ ಕ್ಯಾಲ್ಸಿಯಂ ಒಂದೇ ಸಾಲದು

ಮಳೆಗಾಲ ಕಳೆದ ಮೇಲೆ ದಕ್ಷಿಣ ಕನ್ನಡದ ವಾಮದಪದವಿನ ಆಸುಪಾಸಿನ ಯಾವುದಾದರೂ ಅಡಿಕೆ ತೋಟಕ್ಕೆ ಹೋಗಿ ತಲೆ ಎತ್ತಿ ನೋಡಿ. ಕೆಲವು ಮರಗಳ ಕೆಳಗಿನ ಸೋಗೆ ಹಳದಿಗಟ್ಟಿರುತ್ತದೆ, ಸುಳಿಯ ಹತ್ತಿರದ್ದು ಹಸಿರಾಗಿಯೇ ಇರುತ್ತದೆ. (ಹಳದಿ ಎಲೆ ರೋಗ ಬೇರೆ, ಅದರ ಮಾತು ಇಲ್ಲಿ ಬೇಡ.) ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಹೊಯ್ಯುವ ಈ ಮುರಕಲ್ಲಿನ ನೆಲದಿಂದ ಮೆಗ್ನೀಸಿಯಂ ತೊಳೆದು ಹೋಗುತ್ತದೆ. ಕೊರತೆ ಬಿದ್ದಾಗ ಮರ ಹಳೆ ಸೋಗೆಯದ್ದನ್ನು ಎಳೆದು ಹೊಸದಕ್ಕೆ ಕೊಡುತ್ತದೆ. ಬೆಳೆಗಾರರು ಬುಡಕ್ಕೆ ಡಾಲಮೈಟೋ ಮೆಗ್ನೀಸಿಯಂ ಸಲ್ಫೇಟೋ ಹಾಕಿ ಸರಿಮಾಡುತ್ತಾರೆ.

ನಮ್ಮ ಮೈಯಲ್ಲಿ ಆ ಹಳೆ ಸೋಗೆಯ ಕೆಲಸ ಮೂಳೆಯದ್ದು. ವಯಸ್ಕರ ದೇಹದಲ್ಲಿರುವ ಮೆಗ್ನೀಸಿಯಂ ಸುಮಾರು 25 ಗ್ರಾಂ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮೂಳೆಯಲ್ಲಿದೆ, ರಕ್ತದಲ್ಲಿರುವುದು ಶೇ. 1ಕ್ಕೂ ಕಡಿಮೆ. ಊಟದಲ್ಲಿ ಕಡಿಮೆಯಾದರೆ ಮೂಳೆಯ ಹರಳುಗಳ ಮೇಲ್ಮೈಯಿಂದ ರಕ್ತಕ್ಕೆ ಇಳಿಯುತ್ತದೆ. ಹಾಗಾಗಿ ರಕ್ತಪರೀಕ್ಷೆ ಸರಿ ಇದ್ದ ಮಾತ್ರಕ್ಕೆ ದಾಸ್ತಾನು ಸರಿ ಇದೆ ಎನ್ನಲಾಗದು. ಇನ್ನೂ ಒಂದು ಸಂಗತಿಯಿದೆ: ವಿಟಮಿನ್ ಡಿ ಕೆಲಸಕ್ಕೆ ಬರುವ ರೂಪ ತಾಳಲು ಮೆಗ್ನೀಸಿಯಂ ಬೇಕು. ಕೊರತೆ ತೀವ್ರವಾದರೆ ಪ್ಯಾರಾಥೈರಾಯ್ಡ್ ಹಾರ್ಮೋನು ಸ್ರವಿಸುವುದೂ ತಗ್ಗಿ ರಕ್ತದ ಕ್ಯಾಲ್ಸಿಯಂ ಕುಸಿಯುತ್ತದೆ. ಆಗ ಎಷ್ಟು ಕ್ಯಾಲ್ಸಿಯಂ ಮಾತ್ರೆ ನುಂಗಿದರೂ ಅದು ಸರಿಹೋಗುವುದು ಕಷ್ಟ.

ದಿನಕ್ಕೆ ಬೇಕಾಗುವ ಮೆಗ್ನೀಸಿಯಂ ಗಂಡಸರಿಗೆ 400 ಮಿಲಿಗ್ರಾಂ ಆಸುಪಾಸು, ಹೆಂಗಸರಿಗೆ 300ಕ್ಕಿಂತ ತುಸು ಮೇಲೆ. ನಮ್ಮ ಕಡೆಯ ಅಡುಗೆಮನೆಗೆ ಇದು ದೊಡ್ಡ ಲೆಕ್ಕವೇನಲ್ಲ. ಒಂದು ಹಿಡಿ, ಅಂದರೆ 30 ಗ್ರಾಂ ಗೇರುಬೀಜದಲ್ಲಿ 80 ಮಿಲಿಗ್ರಾಂನಷ್ಟಿದೆ. ಹುರುಳಿ, ಅಲಸಂಡೆ ಬೀಜ, ಹರಿವೆ ಸೊಪ್ಪು ಎಲ್ಲದರಲ್ಲೂ ಇದೆ. ಅಕ್ಕಿಯಲ್ಲಿ ಮಾತ್ರ ಎಚ್ಚರ ಬೇಕು. ಮೆಗ್ನೀಸಿಯಂ ಹೆಚ್ಚಾಗಿ ಇರುವುದು ತೌಡಿನಲ್ಲಿ. ಕೆಂಪು ಕಜೆ ಅಕ್ಕಿ ಬಿಟ್ಟು ಹಾಲಿನಂತೆ ಪಾಲಿಶ್ ಮಾಡಿದ ಬೆಳ್ತಿಗೆ ತಂದರೆ ಅದರ ಬಹುಪಾಲು ಮಿಲ್ಲಿನಲ್ಲೇ ಉಳಿದು ದನದ ಪಾಲಾಗುತ್ತದೆ. ಗಂಜಿ ಬಸಿದು ತಿಳಿ ಚೆಲ್ಲುವ ಮನೆಗಳಲ್ಲಿ ನೀರಿಗಿಳಿದಷ್ಟೂ ಹೋಯಿತು. ತಿಳಿಗೆ ಉಪ್ಪು ಬೆರೆಸಿ ಕುಡಿಯುವ ಅಜ್ಜಿಯರನ್ನು ನೋಡಿ ನಗಬೇಡಿ! ಹುರುಳಿಯಲ್ಲಿರುವ ಫೈಟೇಟ್ ಖನಿಜಗಳನ್ನು ಹಿಡಿದಿಡುತ್ತದೆ ನಿಜ, ಆದರೆ ನೆನೆಸಿ ಮೊಳಕೆ ಬರಿಸಿದರೆ ಅದು ಬಹಳಷ್ಟು ಸಡಿಲವಾಗುತ್ತದೆ.

ಹೆಚ್ಚು ತಿಂದಷ್ಟೂ ಮೂಳೆ ಗಟ್ಟಿ ಎನ್ನುವಂತಿಲ್ಲ. ಅಮೆರಿಕದಲ್ಲಿ 73 ಸಾವಿರಕ್ಕೂ ಹೆಚ್ಚು ಮಹಿಳೆಯರ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೆಚ್ಚು ಮೆಗ್ನೀಸಿಯಂ ತಿನ್ನುವವರ ಸೊಂಟದ ಮೂಳೆಸಾಂದ್ರತೆ ಶೇ. 3ರಷ್ಟು ಹೆಚ್ಚು ಕಂಡಿತು. ಸೊಂಟದ ಮೂಳೆ ಮುರಿತ ಮಾತ್ರ ಕಡಿಮೆಯಾಗಿರಲಿಲ್ಲ. ಮಣಿಕಟ್ಟು, ಮುಂಗೈ ಮುರಿತವಂತೂ ತುಸು ಹೆಚ್ಚೇ ಇತ್ತು. ಅವರು ಹೆಚ್ಚು ಓಡಾಡುವವರಾಗಿದ್ದು ಬೀಳುವ ಸಂದರ್ಭಗಳೂ ಹೆಚ್ಚಿದ್ದವು ಎಂಬುದು ಒಂದು ವಿವರಣೆ.

ನನಗೆ ಹೆಚ್ಚು ಕಳವಳ ತರುವುದು ವರ್ಷಗಟ್ಟಲೆ ಬೆಳಿಗ್ಗೆ ಎದ್ದ ಕೂಡಲೇ ನುಂಗುವ ಗ್ಯಾಸ್ಟ್ರಿಕ್ ಮಾತ್ರೆ. ಒಮೆಪ್ರಝೋಲ್, ಪ್ಯಾಂಟೊಪ್ರಝೋಲ್ ಬಗೆಯ ಮಾತ್ರೆಗಳನ್ನು ದೀರ್ಘಕಾಲ ತಿಂದರೆ ರಕ್ತದ ಮೆಗ್ನೀಸಿಯಂ ಇಳಿಯಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2011ರಲ್ಲೇ ಎಚ್ಚರಿಸಿದೆ. ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ, ಕುಡಿತ, ಮೂತ್ರ ಹೆಚ್ಚಿಸುವ ಕೆಲವು ಬಿ.ಪಿ. ಮಾತ್ರೆಗಳು ಕೂಡ ಇದನ್ನೇ ಮಾಡುತ್ತವೆ. ಹಾಗೆಂದು ಮಾತ್ರೆಯನ್ನು ತಾವಾಗಿ ನಿಲ್ಲಿಸುವುದಲ್ಲ, ಡಾಕ್ಟರರಲ್ಲಿ ಕೇಳಿ. ಮೆಡಿಕಲ್ಲಿನಿಂದ ಮೆಗ್ನೀಸಿಯಂ ಗುಳಿಗೆ ತಂದು ನುಂಗುವುದಕ್ಕೂ ಅದೇ ಮಾತು: ಹೆಚ್ಚಾದರೆ ಭೇದಿ ಖಂಡಿತ, ಕಿಡ್ನಿ ಸೋತವರಿಗಂತೂ ಜೀವಕ್ಕೇ ಅಪಾಯ.