ಹೈದರಾಬಾದ್ ಸುತ್ತುವ ಗೆಳೆಯರಿಗೆ ಗಂಡಿಪೇಟೆಯ ನೀರೂ ನೆನಪಿರಲಿ

ವರ್ಷಕ್ಕೊಮ್ಮೆ ಗೆಳೆಯರೆಲ್ಲ ಕೂಡಿ ಎಲ್ಲಿಗಾದರೂ ಹೋಗಿ ಬರುವ ರೂಢಿ ಮುಂಬಯಿಯ ತುಳು-ಕನ್ನಡಿಗರಲ್ಲಿ ಹಳೆಯದು. ಒಂದು ಕಾಲಕ್ಕೆ ಶಿರ್ಡಿ, ಮಹಾಬಲೇಶ್ವರ, ಗೋವಾ ಎನ್ನುತ್ತಿದ್ದವರು ಈಗ ಬ್ಯಾಂಕಾಕ್, ಸಿಂಗಾಪುರ, ದುಬೈ ಎನ್ನುತ್ತಾರೆ. ನೋಡುವ ತಾಣಕ್ಕಿಂತ ಅಲ್ಲಿನ ಬೀದಿ ತಿಂಡಿಯ ಮಾತೇ ಹೆಚ್ಚು. ಆದರೆ ಪಾಸ್‌ಪೋರ್ಟ್, ವೀಸಾ ಯಾವುದೂ ಇಲ್ಲದೆ, ಒಂದು ರಾತ್ರಿಯ ರೈಲು ಪ್ರಯಾಣದಲ್ಲಿ ಪರದೇಶದ ಸವಿ ಕೊಡುವ ಊರೊಂದು ಹತ್ತಿರದಲ್ಲೇ ಇದೆ. ಅದು ಹೈದರಾಬಾದ್.

ಪರದೇಶ ಎನ್ನುವ ಮಾತು ಇಲ್ಲಿ ಬರಿಯ ಅಲಂಕಾರವಲ್ಲ. 1948ರ ಸೆಪ್ಟೆಂಬರ್‌ವರೆಗೆ ಇದು ನಿಜಾಮರ ಸಂಸ್ಥಾನದ ರಾಜಧಾನಿಯಾಗಿತ್ತು. ಹಾಲಿ ಸಿಕ್ಕಾ ಎಂಬ ತನ್ನದೇ ನಾಣ್ಯ, ತನ್ನದೇ ಅಂಚೆ ಚೀಟಿ, ತನ್ನದೇ ರೈಲು, ಆಡಳಿತಕ್ಕೆ ಉರ್ದು ಭಾಷೆ. ಆಗಿನ ಬೊಂಬಾಯಿಯಿಂದ ಹೋದವನಿಗೆ ಎಲ್ಲವೂ ಬೇರೆಯೇ. ಹಾಗಿದ್ದೂ ಬೀದರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಕನ್ನಡಿಗರಿಗೆ 1956ರ ನವೆಂಬರ್ 1ರವರೆಗೆ ಇದೇ ರಾಜಧಾನಿ. ಕಚೇರಿಯ ಕೆಲಸವಿರಲಿ, ಕಾಲೇಜಿನ ಓದಿರಲಿ, ಅವರು ಬರಬೇಕಾದದ್ದು ಇಲ್ಲಿಗೇ. ಕವಿ ಸಿದ್ದಯ್ಯ ಪುರಾಣಿಕರು ಪದವಿ ಪಡೆದದ್ದು ಇಲ್ಲಿನ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ.

ಹಳಿಯ ಮೇಲೇ ಕನ್ನಡನಾಡು

ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್‌ನಿಂದ ರಾತ್ರಿ ಹೊರಡುವ ಹುಸೇನ್‌ಸಾಗರ್ ಎಕ್ಸ್‌ಪ್ರೆಸ್ ಪುಣೆ, ಸೊಲ್ಲಾಪುರ ದಾಟಿದ ಮೇಲೆ ಕನ್ನಡ ನೆಲಕ್ಕೆ ಕಾಲಿಡುತ್ತದೆ. ಕಲಬುರಗಿ, ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ. ಕಿಟಕಿಯಾಚೆ ತೊಗರಿಯ ಹೊಲಗಳು, ಶಹಾಬಾದ್ ಕಲ್ಲಿನ ಗಣಿಗಳು. ತಾಂಡೂರಿನಿಂದ ತೆಲಂಗಾಣ. ವಾಡಿಯಿಂದ ಸಿಕಂದರಾಬಾದ್‌ಗೆ ಹೋಗುವ ಈ ಹಳಿ 1874ರಲ್ಲಿ ತೆರೆದದ್ದು. ಬೊಂಬಾಯಿ-ಮದರಾಸು ಮುಖ್ಯ ಮಾರ್ಗಕ್ಕೆ ನಿಜಾಮರ ರಾಜಧಾನಿಯನ್ನು ಜೋಡಿಸಿದ ಕೊಂಡಿ ಇದೇ.

ಊರಿನಲ್ಲಿ ನೋಡಬೇಕಾದವುಗಳ ಪಟ್ಟಿ ಎಲ್ಲರಿಗೂ ಗೊತ್ತಿರುವಂಥದ್ದೇ. 1591ರಲ್ಲಿ ಮಹಮ್ಮದ್ ಕುಲಿ ಕುತುಬ್ ಷಾ ಕಟ್ಟಿಸಿದ ಚಾರ್‌ಮಿನಾರ್, ಪಕ್ಕದ ಮಕ್ಕಾ ಮಸೀದಿ, ಬಳೆಗಳ ಲಾಡ್ ಬಜಾರ್, ಚೌಮಹಲ್ಲಾ ಅರಮನೆ, ಬಾಗಿಲಲ್ಲಿ ಚಪ್ಪಾಳೆ ತಟ್ಟಿದರೆ ಬೆಟ್ಟದ ತುದಿಯಲ್ಲಿ ಕೇಳಿಸುವ ಗೋಲ್ಕೊಂಡ ಕೋಟೆ. ಆದರೆ ಚಾರ್‌ಮಿನಾರ್ ಕಟ್ಟಿಸಿದ ಕುತುಬ್ ಷಾಹಿಗಳ ಮೂಲಪುರುಷ ಸುಲ್ತಾನ್ ಕುಲಿ ಬಹಮನಿ ಅರಸರ ಅಧಿಕಾರಿಯಾಗಿದ್ದವನು ಎಂಬುದು ಎಷ್ಟೋ ಪ್ರವಾಸಿಗಳಿಗೆ ತಿಳಿಯದು. ಬಹಮನಿಗಳ ರಾಜಧಾನಿ ಮೊದಲು ಕಲಬುರಗಿ, ಆಮೇಲೆ ಬೀದರ. ಅಂದರೆ ಗೋಲ್ಕೊಂಡದ ವಂಶವೃಕ್ಷದ ಬೇರು ಇರುವುದು ಕನ್ನಡ ನಾಡಿನಲ್ಲಿ. ಸಾಲಾರ್ ಜಂಗ್ ವಸ್ತುಸಂಗ್ರಹಾಲಯದಲ್ಲಿ ಜನ ಮುಗಿಬೀಳುವುದು ಮುಸುಕಿನ ರೆಬೆಕ್ಕಾ ವಿಗ್ರಹಕ್ಕೆ ಮತ್ತು ಸಂಗೀತ ಗಡಿಯಾರಕ್ಕೆ. ಕಪ್ಪು ಲೋಹದಲ್ಲಿ ಬೆಳ್ಳಿಯ ಕುಸುರಿ ಮಾಡಿದ ಬೀದರಿನ ಬಿದ್ರಿ ಪಾತ್ರೆಗಳನ್ನೂ ಅಲ್ಲಿ ಮರೆಯದೆ ನೋಡಬೇಕು. ಈ ಸಂಗ್ರಹಾಲಯಕ್ಕೂ ಚೌಮಹಲ್ಲಾಕ್ಕೂ ಶುಕ್ರವಾರ ರಜೆ ಎಂಬುದನ್ನು ಗಮನದಲ್ಲಿಟ್ಟು ದಿನ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು.

ಬಂಡಿಯ ಮುಂದೆ ನಿಂತು

ತಿಂಡಿಯ ವಿಷಯಕ್ಕೆ ಬಂದರೆ ಹೈದರಾಬಾದ್ ಯಾವ ಪರದೇಶಕ್ಕೂ ಕಡಿಮೆಯಿಲ್ಲ. 2019ರಲ್ಲಿ ಯುನೆಸ್ಕೊ ಈ ನಗರವನ್ನು ಪಾಕಕಲೆಯ ನಗರಗಳ ಸಾಲಿಗೆ ಸೇರಿಸಿತು. ಅದಕ್ಕೂ ಮೊದಲು, 2010ರಲ್ಲಿ, ರಂಜಾನ್ ತಿಂಗಳ ಹಲೀಮ್‌ಗೆ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿತ್ತು. ಬಿರಿಯಾನಿಯ ಮಾತು ಬೇರೆ ಹೇಳಬೇಕಾಗಿಲ್ಲ.

ಬೀದಿಯ ಸೊಗಸು ಇರುವುದು ಬೆಳಗಿನ ಜಾವದಲ್ಲಿ. ನಾಂಪಲ್ಲಿಯ ‘ರಾಮ್ ಕಿ ಬಂಡಿ’ಯಂಥ ದೋಸೆ ಬಂಡಿಗಳ ಮುಂದೆ ಊರು ಏಳುವ ಮೊದಲೇ ಜನ ಸೇರುತ್ತಾರೆ. ಕಾವಲಿಯ ಮೇಲೆ ಹಿಟ್ಟು ಹರಡಿ, ಮೇಲೆ ಒಂದು ಸೌಟು ಉಪ್ಪಿಟ್ಟು ಹಾಕಿ, ಮಸಾಲೆಯೊಂದಿಗೆ ಒತ್ತಿ, ಧಾರಾಳವಾಗಿ ಬೆಣ್ಣೆ ಸುರಿಯುತ್ತಾರೆ. ಮಾಟುಂಗಾದ ಉಡುಪಿ ಹೋಟೆಲಿನ ದೋಸೆ ತಿಂದು ಬೆಳೆದವರ ಬಾಯಲ್ಲಿ “ಇದೆಂಥದು ಮಾರಾಯ, ದೋಸೆಯೊಳಗೆ ಉಪ್ಪಿಟ್ಟು!” ಎಂಬ ಮಾತು ಬಾರದೆ ಇರದು. ಎರಡನೆಯ ದೋಸೆಗೆ ಕೈ ಚಾಚುವವರೂ ಅವರೇ.

ಇರಾನಿ ಹೋಟೆಲು ಮುಂಬಯಿಯವರಿಗೆ ಹೊಸದಲ್ಲ. ಆದರೆ ಇಲ್ಲಿನ ಚಹಾದ ಬಗೆಯೇ ಬೇರೆ. ಚಹಾದ ಡಿಕಾಕ್ಷನ್ ಮುಚ್ಚಿದ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲೆ ಹೊತ್ತುಗಟ್ಟಲೆ ಕುದಿಯುತ್ತಿರುತ್ತದೆ. ಹಾಲನ್ನು ಬೇರೆಯೇ ಕಾಯಿಸಿ ಗಟ್ಟಿ ಮಾಡುತ್ತಾರೆ. ಎರಡೂ ಸೇರುವುದು ಕಪ್ಪಿನಲ್ಲಿ. ಜೊತೆಗೆ ಸಿಹಿ-ಉಪ್ಪು ಬೆರೆತ ಉಸ್ಮಾನಿಯಾ ಬಿಸ್ಕತ್ತು. ಚಾರ್‌ಮಿನಾರ್ ಎದುರಿನ ಹೋಟೆಲುಗಳಲ್ಲಿ ನಿಂತುಕೊಂಡೇ ಕುಡಿಯುವ ಈ ಚಹಾಕ್ಕೆ ಗೆಳೆಯರ ಹರಟೆಯೂ ಕೂಡಿದರೆ ಒಂದು ಕಪ್ಪಿಗೆ ನಿಲ್ಲುವುದಿಲ್ಲ. 1935ರಲ್ಲಿ ಕಟ್ಟಿದ ಕಲ್ಲಿನ ಮೊಅಜ್ಜಂ ಜಾಹಿ ಮಾರುಕಟ್ಟೆಯಲ್ಲಿ ಸೀತಾಫಲದ ಐಸ್‌ಕ್ರೀಮ್, ಸಂಜೆ ಬೀದಿ ಬದಿಯಲ್ಲಿ ಹೆಂಗಸರು ತಟ್ಟಿ ಸುಡುವ ಬಿಸಿ ಜೋಳದ ರೊಟ್ಟಿ. ತೆಲುಗಿನಲ್ಲಿ ಜೊನ್ನ ರೊಟ್ಟೆ ಎಂದರೂ ರುಚಿ ನಮ್ಮ ಕಲಬುರಗಿಯದೇ. ಶೇಂಗಾ, ಎಳ್ಳು, ಒಣಕೊಬ್ಬರಿ ಅರೆದು ಹುಣಸೆ ಹುಳಿ ಬೆರೆಸಿದ ಬಘಾರಾ ಬೈಂಗನ್ ಬಾಯಿಗಿಟ್ಟರೆ ಉತ್ತರ ಕರ್ನಾಟಕದವರಿಗೆ ಮನೆಯ ಎಣ್ಣೆಗಾಯಿ ನೆನಪಾಗುತ್ತದೆ. ಮಾತಿನಲ್ಲೂ ಅಷ್ಟೇ, ಮರಾಠಿಯ ‘ನಕೊ’ ಇಲ್ಲಿನ ದಖ್ಖನಿಯಲ್ಲಿ ‘ನಕ್ಕೋ’ ಆಗಿ ಕಿವಿಗೆ ಬೀಳುತ್ತದೆ.

ಕೋಠಿಯ ಗೋಕುಲ್ ಚಾಟ್‌ನಲ್ಲಿ ಸಂಜೆಯ ಗದ್ದಲ ನೋಡಿದವರಿಗೆ ಅಲ್ಲಿ ನಡೆದದ್ದು ನಂಬಲಾಗದು. 2007ರ ಆಗಸ್ಟ್ 25ರಂದು ಅಲ್ಲಿಯೂ ಲುಂಬಿನಿ ಉದ್ಯಾನದಲ್ಲಿಯೂ ಬಾಂಬ್ ಸ್ಫೋಟಿಸಿ 40ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಅದರ ಹಿಂದಿನ ವರ್ಷವಷ್ಟೇ, 2006ರ ಜುಲೈ 11ರಂದು, ಲೋಕಲ್ ರೈಲುಗಳಲ್ಲಿ ಅಂಥದೇ ಪೆಟ್ಟು ತಿಂದಿದ್ದ ಮುಂಬಯಿಗರಿಗೆ ಆ ನೋವು ಏನೆಂದು ವಿವರಿಸಬೇಕಿಲ್ಲ. ಅಂಗಡಿ ಮತ್ತೆ ತೆರೆಯಿತು. ಜನ ಮತ್ತೆ ಬಂದರು.

ಹುಣಸೆ ಮರ ಹೇಳುವ ಕಥೆ

ಹೆಚ್ಚಿನ ಪ್ರವಾಸಗಳು ಇಷ್ಟಕ್ಕೇ ಮುಗಿಯುತ್ತವೆ. ಆದರೆ ಕನ್ನಡಿಗರು ಇನ್ನೆರಡು ಕಡೆ ಹೋಗದೆ ಮರಳಿದರೆ ಪ್ರವಾಸ ಅರ್ಧವೇ ಸರಿ.

ಮೊದಲನೆಯದು ಅಫ್ಜಲ್‌ಗಂಜಿನಲ್ಲಿ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿರುವ ಹಳೆಯ ಹುಣಸೆ ಮರ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಊರಿಗೆ ನುಗ್ಗಿತು. ಮೇಲ್ಭಾಗದ ಇನ್ನೂರಕ್ಕೂ ಹೆಚ್ಚು ಕೆರೆಗಳು ಒಡೆದು ನೀರು ಒಮ್ಮೆಲೇ ಬಂದಿತ್ತು. ಸುಮಾರು 15,000 ಜನ ಸತ್ತರೆಂದು ಅಂದಾಜು. ಕವಿ ಅಮ್ಜದ್ ಹೈದರಾಬಾದಿಯವರು ತಾಯಿ, ಹೆಂಡತಿ, ಮಗಳನ್ನು ಆ ನೀರಿನಲ್ಲಿ ಕಳೆದುಕೊಂಡರು. ಈ ಹುಣಸೆ ಮರದ ಕೊಂಬೆಗಳನ್ನು ಹಿಡಿದುಕೊಂಡು ಸುಮಾರು 150 ಜನ ಬದುಕಿಕೊಂಡರು.

ಆಗ ನಿಜಾಮ್ ಸರಕಾರ ಸಹಾಯಕ್ಕೆ ಕರೆದದ್ದು ಸರ್ ಎಂ. ವಿಶ್ವೇಶ್ವರಯ್ಯನವರನ್ನು. ಬೊಂಬಾಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯ ಸೇವೆ ಬಿಟ್ಟು ಅವರು ವಿದೇಶ ಪ್ರವಾಸದಲ್ಲಿದ್ದರು. ಅಲ್ಲಿಗೇ ಕರೆ ಹೋಯಿತು. 1909ರಲ್ಲಿ ವಿಶೇಷ ಸಲಹಾ ಎಂಜಿನಿಯರ್ ಆಗಿ ಬಂದ ಅವರು ನೆರೆಯ ಲೆಕ್ಕ ಹಾಕಿದರು. ನದಿಯನ್ನು ಊರಿನಲ್ಲಿ ತಡೆಯುವುದಲ್ಲ, ಊರಿಗೆ ಬರುವ ಮೊದಲೇ ತಡೆಯಬೇಕೆಂದರು. ಊರಿನ ಮೇಲ್ಭಾಗದಲ್ಲಿ, ಮೂಸಿಗೆ ಒಂದು, ಅದರ ಉಪನದಿ ಈಸಿಗೆ ಇನ್ನೊಂದು ಜಲಾಶಯ ಎಂಬುದು ಅವರ ಸಲಹೆ. ಗಂಡಿಪೇಟೆಯ ಉಸ್ಮಾನ್ ಸಾಗರ 1920ರಲ್ಲಿ, ಹಿಮಾಯತ್ ಸಾಗರ 1927ರಲ್ಲಿ ಪೂರ್ಣಗೊಂಡವು.

ನೆರೆ ತಡೆಯಲು ಕಟ್ಟಿದ ಕೆರೆಗಳೇ ಊರಿಗೆ ಕುಡಿಯುವ ನೀರನ್ನೂ ಕೊಟ್ಟವು. ಗಂಡಿಪೇಟೆಯ ನೀರು ಕುಡಿದವನು ಹೈದರಾಬಾದ್ ಬಿಟ್ಟು ಹೋಗಲಾರ ಎಂಬ ಮಾತು ಅಲ್ಲಿನ ಹಿರಿಯರ ಬಾಯಲ್ಲಿದೆ. ತಲೆಮಾರುಗಳ ಕಾಲ ಹಳೆಯ ಊರಿನ ಇರಾನಿ ಚಹಾ ಕುದಿದದ್ದು ಕೋಲಾರ ಸೀಮೆಯ ಎಂಜಿನಿಯರೊಬ್ಬರ ಲೆಕ್ಕದಿಂದ ನಿಂತ ನೀರಿನಲ್ಲಿ ಎಂದರೆ ತಪ್ಪಾಗದು. ಇಂದು ನಗರ ಬೆಳೆದು ಹೆಚ್ಚಿನ ನೀರು ಮಂಜೀರಾ, ಕೃಷ್ಣಾ, ಗೋದಾವರಿಗಳಿಂದ ಬರುತ್ತಿದೆ. ಅದರಲ್ಲೂ ಮಂಜೀರಾ ಬೀದರ ಜಿಲ್ಲೆಯನ್ನೂ, ಕೃಷ್ಣಾ ರಾಯಚೂರನ್ನೂ ಹಾದು ಬರುವ ನದಿಗಳು.

ಈ ಎರಡು ಸಾಗರಗಳ ಮೇಲೆ ಈಗ ಊರಿನ ಕಣ್ಣು ಬಿದ್ದಿದೆ. ಅವುಗಳ ಸುತ್ತ 10 ಕಿ.ಮೀ. ವ್ಯಾಪ್ತಿಯಲ್ಲಿ ದೊಡ್ಡ ಕಟ್ಟಡ, ಕಾರ್ಖಾನೆಗಳು ಬಾರದಂತೆ ಆಗಿನ ಆಂಧ್ರ ಪ್ರದೇಶ ಸರಕಾರ 1996ರಲ್ಲಿ 111ನೇ ಸಂಖ್ಯೆಯ ಆದೇಶ ಹೊರಡಿಸಿತ್ತು. 84 ಹಳ್ಳಿಗಳು ಅದರಡಿ ಬಂದವು. ಅಕ್ಕಪಕ್ಕದ ನೆಲಕ್ಕೆ ಚಿನ್ನದ ಬೆಲೆ ಬಂದಿರುವಾಗ ತಮ್ಮ ನೆಲ ಮಾತ್ರ ಕಟ್ಟುಬಿದ್ದಿದೆ ಎಂಬುದು ಆ ಹಳ್ಳಿಗಳ ರೈತರ ಅಳಲು. ನಗರ ಈಗ ಈ ನೀರನ್ನೇ ನಂಬಿಕೊಂಡಿಲ್ಲ ಎಂಬ ಕಾರಣ ನೀಡಿ ತೆಲಂಗಾಣ ಸರಕಾರ 2022ರ ಏಪ್ರಿಲ್‌ನಲ್ಲಿ ಆ ನಿರ್ಬಂಧಗಳನ್ನು ತೆಗೆಯುವ ಆದೇಶ ಮಾಡಿತು. ಪರಿಸರ ಕಾರ್ಯಕರ್ತರು ವಿರೋಧಿಸಿದರು. ಕುಡಿಯುವ ನೀರು ಬೇರೆ ಕಡೆಯಿಂದ ತರಬಹುದು, ಆದರೆ ನೆರೆಯ ನೀರನ್ನು ಬೇರೆ ಕಡೆಗೆ ಕಳುಹಿಸಲಾಗದು ಎಂಬುದು ಅವರ ವಾದದ ತಿರುಳು. 2020ರ ಅಕ್ಟೋಬರ್ ಮಳೆಯಲ್ಲಿ ಹೈದರಾಬಾದಿನ ಬಡಾವಣೆಗಳು ಮುಳುಗಿ ಅನೇಕರು ಸತ್ತ ನೆನಪು ಜನರಲ್ಲಿ ಇನ್ನೂ ಹಸಿಯಾಗಿದೆ.

ಮುಂಬಯಿಯವರಿಗೆ ಇದು ದೂರದ ಊರಿನ ಸುದ್ದಿಯಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 24 ಗಂಟೆಗಳಲ್ಲಿ 944 ಮಿ.ಮೀ. ಮಳೆ ಸುರಿದಾಗ ಮೀಠಿ ನದಿಯನ್ನು ಒತ್ತಿ ಕಟ್ಟಿದ್ದರ ಬೆಲೆ ಏನೆಂದು ಕುರ್ಲಾ, ಕಲೀನಾದವರಿಗೆ ತಿಳಿಯಿತು. ಎದೆಮಟ್ಟದ ನೀರಿನಲ್ಲಿ ನಡೆದು ಮನೆ ಸೇರಿದ ಹೋಟೆಲ್ ಕಾರ್ಮಿಕರು, ಕಚೇರಿಯವರು ನಮ್ಮ ನಡುವೆಯೇ ಇದ್ದಾರೆ. ಗಂಡಿಪೇಟೆಯ ಕಟ್ಟೆಯ ಮೇಲೆ ನಿಂತವರಿಗೆ ಆ ದಿನ ನೆನಪಾಗದೆ ಇರದು.

ಕಾಚಿಗುಡದಲ್ಲೊಂದು ಗಳಿಗೆ

ಎರಡನೆಯ ಕಡೆ ಕಾಚಿಗುಡ. ಹೈದರಾಬಾದ್ ಕನ್ನಡಿಗರ ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗನ ಹೆಸರು ಹೊತ್ತ ಶಾಲೆ ಇರುವುದು ಇಲ್ಲಿ. 1956ರಲ್ಲಿ ಗಡಿ ಬದಲಾದಾಗ ಜಿಲ್ಲೆಗಳು ಆಚೆಗೆ ಹೋದವು, ನೌಕರಿ, ವ್ಯಾಪಾರಕ್ಕೆಂದು ಬಂದಿದ್ದ ಕನ್ನಡಿಗರಲ್ಲಿ ಅನೇಕರು ಇಲ್ಲೇ ಉಳಿದರು. ಅಲ್ಲಿಯವರೆಗೆ ತಮ್ಮದೇ ರಾಜಧಾನಿಯಲ್ಲಿದ್ದವರು ಒಂದೇ ದಿನದಲ್ಲಿ ಹೊರನಾಡ ಕನ್ನಡಿಗರಾದರು. ಮುಂಬಯಿಯವರು ಹೊಟ್ಟೆಪಾಡಿಗಾಗಿ ನಾಡು ಬಿಟ್ಟು ಬಂದವರು. ಇವರನ್ನೋ ನಾಡೇ ಬಿಟ್ಟು ಹೋಯಿತು.

ರಾತ್ರಿ ಶಾಲೆಗಳನ್ನು ಕಟ್ಟಿ ಕನ್ನಡ ಕಲಿತ, ಕಲಿಸಿದ ಮುಂಬಯಿ ಕನ್ನಡಿಗರಿಗೆ ಪರನಾಡಿನಲ್ಲಿ ಒಂದು ಕನ್ನಡ ಶಾಲೆಯ ಬಾಗಿಲು ತೆರೆದಿಡುವುದು ಎಷ್ಟು ಕಷ್ಟವೆಂದು ಗೊತ್ತು. ಮೂರು ದಿನಗಳ ಪ್ರವಾಸದಲ್ಲಿ ಒಂದು ಗಂಟೆ ಅಲ್ಲಿಗೆ ಹೋಗಿ ನಾಲ್ಕು ಮಾತು ಕನ್ನಡದಲ್ಲಿ ಆಡಿದರೆ ಖರ್ಚೇನೂ ಆಗದು. ಅಲ್ಲಿನವರಿಗೂ ಬಂದವರು ನೆಂಟರೇ.

ಮರಳುವ ರೈಲಿಗೆ ಮುನ್ನ ಎಲ್ಲರೂ ಉಸ್ಮಾನಿಯಾ ಬಿಸ್ಕತ್ತಿನ ಪೊಟ್ಟಣ ಕಟ್ಟಿಸಿಕೊಳ್ಳುವುದು ವಾಡಿಕೆ. ಮನೆಯಲ್ಲಿ ಅದನ್ನು ಹಂಚುವಾಗ ಚಾರ್‌ಮಿನಾರ್ ಫೋಟೊದ ಜೊತೆಗೆ ಆ ಹುಣಸೆ ಮರದ ಫೋಟೊವನ್ನೂ ಮಕ್ಕಳಿಗೆ ತೋರಿಸಿ, ವಿಶ್ವೇಶ್ವರಯ್ಯನವರು ಅಲ್ಲಿಗೆ ಏಕೆ ಹೋಗಿದ್ದರು ಎಂಬುದನ್ನು ಹೇಳಿದರೆ ಈ ಪ್ರವಾಸ ಸಾರ್ಥಕ.